ಹಗೇವಿಗಿಳಿದ ಅತ್ತೆಯೂ ನನ್ನ ಆನ್‌ಲೈನ್ ಪಾಠವೂ

ಅರಸೀಕೆರೆಯ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದು ನಿವೃತ್ತನಾದ ಮರುವರ್ಷ ನನಗೆ ಮತ್ತೆ ಮೇಷ್ಟರಾಗುವ ಯೋಗ ಬಂತು. ಸಂಸ್ಥೆಯೊಂದು ಪುರಾಣ ಮತ್ತು ಜಾನಪದದ ಬಗ್ಗೆ ಹನ್ನೆರಡು ವಾರಗಳ ಆನ್‌ಲೈನ್ ಕೋರ್ಸ್ ಆರಂಭಿಸಿ ನನ್ನನ್ನು ಕರೆಯಿತು. ಪ್ರತಿ ಶನಿವಾರ ಸಂಜೆ ಆರಕ್ಕೆ ಪಾಠ. ವಯಸ್ಸಿನ ಮಿತಿಯಿಲ್ಲ, ಮೊಬೈಲ್ ಇದ್ದರೆ ಸಾಕು. ಮೊದಲ ವಾರ ನಲವತ್ತೊಂದು ಜನ ಸೇರಿದ್ದರು. ಆರನೆಯ ವಾರಕ್ಕೆ ಪರದೆಯ ಮೇಲೆ ಹನ್ನೊಂದು ಹೆಸರು ಉಳಿದವು. ಅವುಗಳಲ್ಲಿ ಒಂದು ನನ್ನದೇ.

ಕೋರ್ಸಿನ ಸಂಯೋಜಕಿ ಫೋನ್ ಮಾಡಿ, "ಸರ್, ಹತ್ತಕ್ಕಿಂತ ಕಡಿಮೆಯಾದರೆ ನಿಲ್ಲಿಸಬೇಕಾಗುತ್ತೆ. ಸ್ವಲ್ಪ ಹುರಿದುಂಬಿಸಿ" ಎಂದರು. ನಾನು ಕೋರ್ಸಿನ ಗ್ರೂಪಿನಲ್ಲಿ ಬರೆದೆ: "ಅರ್ಧ ದಾರಿ ಬಂದಿದ್ದೀರಿ. ಸಮುದ್ರಮಥನದಲ್ಲೂ ಮೊದಲು ಬಂದದ್ದು ವಿಷ, ಅಮೃತ ಬಂದದ್ದು ಕೊನೆಗೆ." ಎರಡೇ ನಿಮಿಷದಲ್ಲಿ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ರುದ್ರೇಶಪ್ಪನವರ ಉತ್ತರ ಬಂತು: "ವಿಷ ಬಂದಾಯ್ತು ಸಾರ್. ಕುಡಿಯೋ ಶಿವ ಯಾರು ಅಂತ ಹೇಳ್ಬಿಡಿ." ಅದಕ್ಕೆ ಹಲವರು ನಗುವ ಮುಖ ಹಾಕಿದರು. ನನ್ನ ಸಂದೇಶಕ್ಕೆ ಒಬ್ಬರೂ ಏನೂ ಹಾಕಿರಲಿಲ್ಲ.

ಏಳನೆಯ ವಾರದ ವಿಷಯ ಪಾಠಾಂತರ. ಒಂದೇ ಕತೆ ಊರಿಂದ ಊರಿಗೆ ಬೇರೆ ರೂಪ ತಾಳುವುದಕ್ಕೆ ನಾವು ಹಾಗೆನ್ನುತ್ತೇವೆ. ಉದಾಹರಣೆಗೆಂದು ನಾನೇ ಹರೆಯದಲ್ಲಿ ಸಂಗ್ರಹಿಸಿದ್ದ ಕತೆಯೊಂದನ್ನು ತೆಗೆದುಕೊಂಡೆ. ಸೊಸೆಗೆ ಸಿಗದಂತೆ ಕಜ್ಜಾಯ ಬಚ್ಚಿಡಲು ಅತ್ತೆ ಹಗೇವಿಗೆ, ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿಗೆ, ಇಳಿಯುತ್ತಾಳೆ. ಸೊಸೆ ಏಣಿ ಎಳೆದುಕೊಳ್ಳುತ್ತಾಳೆ. "ಅತ್ತೆ ಅಲ್ಲೇ ಅಸುನೀಗುತ್ತಾಳೆ" ಎಂದು ನಾನು ಗಂಭೀರವಾಗಿ ಹೇಳಿ ಮುಂದಿನ ಸ್ಲೈಡಿಗೆ ಹೋಗುವಷ್ಟರಲ್ಲಿ ಯಾರದೋ ಮೈಕಿನಿಂದ ಹಸುವಿನ ಅಂಬಾ ಕೇಳಿತು. ಹಿಂದೆಯೇ ಹೆಂಗಸೊಬ್ಬರು ಪಕ್ಕದವಳಿಗೆ ಹೇಳುತ್ತಿದ್ದರು: "ಈ ಮೇಷ್ಟ್ರಿಗೆ ಯಾರೋ ತಪ್ಪು ಹೇಳ್ಕೊಟ್ಟವ್ರೆ ಕಣೇ. ಅತ್ತೆ ಎಲ್ಲಿ ಸಾಯ್ತಾಳೆ?"

ಅವರು ಮಾದಿಹಳ್ಳಿಯ ಜಯಮ್ಮ. ಡೈರಿಗೆ ಹಾಲು ಹಾಕುವವರು; ಹಾಲು ಕರೆಯುತ್ತಲೇ ಪಾಠ ಕೇಳುತ್ತಿದ್ದರು. ಮೈಕ್ ಆನ್ ಆಗಿರುವುದು ಅವರಿಗೆ ಗೊತ್ತಿರಲಿಲ್ಲ. "ಹಾಗಾದರೆ ಏನಾಗುತ್ತೆ ಜಯಮ್ಮನವರೇ?" ಎಂದೆ. ನನ್ನ ದನಿ ಅಗತ್ಯಕ್ಕಿಂತ ಬಿರುಸಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಬಕೆಟ್ ಉರುಳಿದ ಸದ್ದಾಯಿತು, ಪರದೆಯಿಂದ ಹೆಸರು ಮಾಯವಾಯಿತು. ಮರುದಿನ ಗ್ರೂಪನ್ನೂ ಬಿಟ್ಟರು. ಫೋನ್ ಎತ್ತಲಿಲ್ಲ. ಹತ್ತು ಮಂದಿ ಇದ್ದವರು ಒಂಬತ್ತಾದರು.

ಕೋರ್ಸ್ ನಿಲ್ಲುವ ಭಯಕ್ಕಿಂತ, ಮೂವತ್ತು ವರ್ಷ ತಪ್ಪು ಕತೆ ಹೇಳಿಕೊಂಡು ಬಂದೆನೇ ಎಂಬ ಚಿಂತೆ ನನ್ನನ್ನು ಹೆಚ್ಚು ಕೊರೆಯಿತು. ಸೋಮವಾರ ಬೆಳಿಗ್ಗೆ ಬಸ್ ಹತ್ತಿ, ಹಳೇಬೀಡಿನಲ್ಲಿ ಬದಲಿಸಿ, ಮಾದಿಹಳ್ಳಿಯಲ್ಲಿ ಇಳಿದೆ. ಕೊಟ್ಟಿಗೆಯಲ್ಲಿದ್ದ ಜಯಮ್ಮ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ನಿಂತರು.

"ಹೆಸ್ರು ಹೊಡ್ದಾಕಕ್ಕೆ ಇಷ್ಟು ದೂರ ಬರ್ಬೇಕಿತ್ತಾ ಸಾರ್? ಫೋನಾಗೇ ಹೇಳಿದ್ರೆ ಆಗಿತ್ತು."

"ನೀವು ಎತ್ತಿದ್ದರಲ್ಲವೇ ಹೇಳೋದು? ಆ ಅತ್ತೆ ಏನಾದಳು ಅಂತ ಕೇಳೋಕೆ ಬಂದೆ."

ಅವರು ನಂಬಲಿಲ್ಲ. ಕಾಫಿ ಕೊಟ್ಟರು. ನಾನು ನೋಟ್‌ಬುಕ್ ತೆಗೆದು ಪೆನ್ನು ಹಿಡಿದ ಮೇಲೆಯೇ ಬಾಯಿಬಿಟ್ಟರು. "ಒಳಗೆ ಕಜ್ಜಾಯ ಐತಲ್ಲ ಸಾರ್, ಅವ್ಳು ಯಾಕೆ ಸಾಯ್ತಾಳೆ? ಮೂರು ದಿನ ತಿಂದು ತಿಂದು ಊದ್ಕಂತಾಳೆ. ಏಣಿ ಬಿಟ್ರೂ ಹಗೇವಿನ ಬಾಯಾಗೆ ಹಿಡಿಯಾಕಿಲ್ಲ. ಆಮೇಲೆ ಸೊಸೆನೇ ಉಪ್ವಾಸ ಕೆಡವಿ, ಸಣ್ಣ ಮಾಡಿ, ಮೇಲಕ್ಕೆಳೀತಾಳೆ."

"ಇದನ್ನ ಶನಿವಾರ ನೀವೇ ಹೇಳಬೇಕು" ಎಂದೆ.

"ಅದು ಹಾಲು ಕರೆಯೋ ಹೊತ್ತು."

"ಪಾಠ ಅರ್ಧ ಗಂಟೆ ತಡವಾಗಲಿ ಬಿಡಿ."

ಎಂಟನೆಯ ವಾರ ಜಯಮ್ಮ ಹೇಳಿದರು. ಮುಗಿಯುವ ಮೊದಲೇ ರುದ್ರೇಶಪ್ಪ ಬಾಯಿ ಹಾಕಿದರು: "ತಾಯಿ, ನಮ್ಮ ಹಾರನಹಳ್ಳಿ ಅಜ್ಜಿ ಹೇಳ್ತಿದ್ದದ್ದೇ ಬೇರೆ. ಎಳೆಯೋಕೆ ಹೋದ ಸೊಸೇನೂ ಒಳಕ್ಕೆ ಬೀಳ್ತಾಳೆ. ಇಬ್ರೂ ರಾಜಿಯಾಗಿ ಕಜ್ಜಾಯ ತಿಂತಾರೆ, ಮೇಲೆ ಗಂಡ ಉಪವಾಸ."

"ಹಂಗಾದ್ರೆ ಏಣಿ ಬಿಡೋರ್ಯಾರ್ರೀ?" ಎಂದರು ಜಯಮ್ಮ.

ಜಗಳ ಎಂಟು ಗಂಟೆಯವರೆಗೆ ನಡೆಯಿತು. ನಾನು ಆಡಿದ್ದು ಎರಡು ಮಾತು. ಅವನ್ನೂ ಯಾರೂ ಕೇಳಿಸಿಕೊಳ್ಳಲಿಲ್ಲ. ಸುದ್ದಿ ಗ್ರೂಪಿನಲ್ಲಿ ಹರಡಿ, ಬಿಟ್ಟುಹೋಗಿದ್ದವರಲ್ಲಿ ಹದಿನಾಲ್ಕು ಜನ ಒಂಬತ್ತನೆಯ ವಾರ ವಾಪಸ್ ಬಂದರು. ಪ್ರತಿಯೊಬ್ಬರ ಬಳಿಯೂ ಒಬ್ಬೊಬ್ಬ ಅತ್ತೆ ಇದ್ದಳು. ಕೋರ್ಸ್ ಮುಗಿಸಿದವರು ಇಪ್ಪತ್ತನಾಲ್ಕು ಮಂದಿ.

ಅರ್ಧಕ್ಕೆ ಬಿಟ್ಟವರನ್ನು ನಾನು ಸೋಮಾರಿಗಳೆಂದು ತಿಳಿದಿದ್ದೆ. ತಮ್ಮ ಮನೆಯ ಕತೆಗಳನ್ನೇ ನನ್ನ ಬಾಯಲ್ಲಿ, ಅದೂ ತಪ್ಪುತಪ್ಪಾಗಿ, ವಾರಗಟ್ಟಲೆ ತೆಪ್ಪಗೆ ಕೇಳಿದ್ದರು ಪಾಪ. ಬೆನ್ನು ತಟ್ಟುವುದಕ್ಕಿಂತ ಬಾಯಿ ಬಿಡಿಸುವುದು ಮೇಷ್ಟರ ದೊಡ್ಡ ಕೆಲಸ. ಅದನ್ನು ಕಲಿಯಲು ನಾನು ನಿವೃತ್ತನಾಗಬೇಕಾಯಿತು. ಕೊನೆಯ ತರಗತಿಯಲ್ಲಿ, ನನ್ನ ಟಿಪ್ಪಣಿಯ ಕತೆಯನ್ನು ಹೊಡೆದುಹಾಕುತ್ತೇನೆ ಎಂದೆ.

"ಬ್ಯಾಡ ಸಾರ್, ಅದೂ ಒಂದು ಪಾಠಾಂತರ ಅಂತ ಇರ್ಲಿ" ಎಂದರು ಜಯಮ್ಮ. "ಮೊದಲ್ನೇ ಸಲಕ್ಕೆ ಚೆನ್ನಾಗೇ ಹೇಳಿದ್ರಿ."