ಗಿಡ್ಡಮ್ಮ ಬಾಯಿ ಮುಚ್ಚಿದ ದಿನ

ಸೋರೆಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದರೆ ಸೊಂಟ ತೇಲುತ್ತದೆ, ತಲೆ ಮುಳುಗುತ್ತದೆ. ಬಾವಿಯಲ್ಲೇ ಈಜು ಕಲಿಯುವ ನಮಗೆ ಇದು ಗೊತ್ತಿರಬೇಕು. ಆದರೆ ಆಂಧ್ರ ಗಡಿಯ ಪೆದ್ದಕಡುಬೂರಿನ ಪಕ್ಕದ ಒಂದು ಊರಿನಲ್ಲಿ ಇದನ್ನು ದಿನಾ ಕೂಗಿ ಹೇಳುತ್ತಿದ್ದವಳು ಗಿಡ್ಡಮ್ಮ ಒಬ್ಬಳೇ.

ಗಿಡ್ಡಮ್ಮ ತುಂಗಭದ್ರೆಯ ದಂಡೆಯಲ್ಲಿ ಹರಿಗೋಲು ಹಾಕುತ್ತಿದ್ದವನ ಮಗಳು. ಗಂಡ ತೀರಿಕೊಂಡ ಮೇಲೆ ಊರ ಸಾಹುಕಾರ ಕೊಟ್ರಬಸಪ್ಪನ ಮನೆಯ ಬಟ್ಟೆ ಒಗೆದು ಹೊಟ್ಟೆ ಹೊರೆಯುತ್ತಿದ್ದಳು. ಬಾವಿಯ ಮೇಲಿನ ಬಂಡೆ ಅವಳದು, ಕೆಳಗಿನ ನೀರು ಗಂಡಸರದು. ಒಗೆಯುತ್ತಲೇ, ಈಜು ಕಲಿಯುತ್ತಿದ್ದ ಕೊಟ್ರಬಸಪ್ಪನ ಮಗನನ್ನು ಗದರಿಸುತ್ತಿದ್ದಳು:

"ಲೇ ಬಜಾರಪ್ಪ, ಕಪ್ಪಿ ನೋಡಿಲ್ಲೇನೋ? ಕಾಲು ಅಗಲಿಸಿ ಒದಿ! ನೀರಿಗೆ ಯಾಕ ಗುದ್ದತೀ, ಅದೇನು ನಿನ್ನ ಹೇಂತೀನಾ?"

"ನೀನ ಇಳಿದು ತೋರಿಸು ಬಾ, ನೋಡ್ತೀವಿ."

"ನಿಮ್ಮವ್ವನ್ನ ಕಳಿಸು, ಆಕಿಗೆ ಕಲಿಸ್ತೀನಿ!"

ಆಂಧ್ರ ರಾಜ್ಯವಾದ ಮರುವರ್ಷ ಕಾಮನ ಹಬ್ಬಕ್ಕೆ ಕೊಟ್ರಬಸಪ್ಪನ ಹೊಸ ಅಳಿಯ ಎರ್ರಿಸ್ವಾಮಿ ಬಂದ. ಬಣ್ಣವಾಡಿದ ಮೇಲೆ ಅಳಿಯನನ್ನು ಬಾವಿಗಿಳಿಸುವುದು ಆ ಊರಿನ ಪದ್ಧತಿ. ಹುಡುಗನಿಗೆ ಈಜು ಬಾರದು. ಮೆಟ್ಟಿಲ ಮೇಲೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

"ಬುರುಡಿ ಸರಿಯಾಗಿ ಕಟ್ರಪ್ಪಾ, ಮುಳುಗಿಗಿಳುಗ್ಯಾನು..." ಎಂದು ಗಿಡ್ಡಮ್ಮ ಶುರು ಮಾಡಿದಳು.

"ನೋರು ಮುಯ್ಯವೇ! ಬಾಯಿ ಮುಚ್ಚು!" ಕೊಟ್ರಬಸಪ್ಪ ಸಿಡಿದ. "ಹಬ್ಬದ ದಿನ ಅಳಿಯನ ಮ್ಯಾಲೆ ಮುಳುಗೋ ಮಾತು ಆಡ್ತೀಯೇನೇ ಮುಂಡೆ? ನಿನ್ನ ಯಾರು ಕೇಳ್ಯಾರ? ಇನ್ನೊಂದು ಮಾತು ಬಂದರ ನಾಳಿಂದ ನಮ್ಮನಿ ಹೊಸಲು ತುಳೀಬ್ಯಾಡ."

ಕಟ್ಟೆಯ ಮೇಲೆ ಕೂತವರೆಲ್ಲ ನಕ್ಕರು. ಗಿಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಜಾರಪ್ಪ ಭಾವನಿಗೆ ಬುರುಡೆ ಕಟ್ಟಿದ. ಹಗ್ಗ ಎದೆಯ ಮೇಲೆ ನಿಲ್ಲದೆ ಹೊಕ್ಕುಳ ಕೆಳಗೆ ಜಾರಿತು. ಅವಳು ನೋಡಿದಳು. ಕೂಗಲೆಂದು ಬಾಯಿಂದ ಸೆರಗು ತೆಗೆದಳು. ನಾಳೆಯ ಹಿಟ್ಟು ನೆನಪಾಯಿತು. ಬಟ್ಟೆಯತ್ತ ತಿರುಗಿಬಿಟ್ಟಳು.

ಹಿಂದಿನಿಂದ ಯಾರೋ ತಳ್ಳಿದರು. ನೀರಿಗೆ ಬಿದ್ದವನ ಕಾಲುಗಳು ಮೇಲೆ ಬಂದು ಬಡಿಯತೊಡಗಿದವು.

"ಅಳಿಯ ಲಾಗ ಹೊಡೀತಾನ ನೋಡ್ರಲೇ!" ಕೇಕೆ, ಚಪ್ಪಾಳೆ.

ಕಾಲು ಸುಮ್ಮನಾದಾಗ ಕೇಕೆಯೂ ನಿಂತಿತು. ಆಗ ಗಿಡ್ಡಮ್ಮ ತಿರುಗಿ ನೋಡಿ, ಉಟ್ಟ ಸೀರೆಯಲ್ಲೇ ಹಾರಿದಳು. ಎಳೆದು ತಂದು ಮೆಟ್ಟಿಲ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತಿದಳು. ಬಾಯಿಂದ ಬಣ್ಣದ ನೀರು ಬಂತು. ಉಸಿರು ಬರಲಿಲ್ಲ.

"ನಿನಗ ಗೊತ್ತಿತ್ತು. ಯಾಕ ಹೇಳಲಿಲ್ಲ?" ಕೊಟ್ರಬಸಪ್ಪ ಅವಳ ರಟ್ಟೆ ಹಿಡಿದು ಜಗ್ಗಿದ.

"ನೀವ ಸುಮ್ಮನಿರು ಅಂದ್ರಲ್ಲ, ಯಪ್ಪಾ."

ಯಾರೂ ಕೇಳಿಸಿಕೊಳ್ಳಲಿಲ್ಲ. ಕಟ್ಟಿದವನನ್ನು ಬಿಟ್ಟರು, ತಳ್ಳಿದವನನ್ನು ಬಿಟ್ಟರು. ಅಳಿಯನನ್ನು ನುಂಗಿದಾಕಿ ಎಂದು ಅವಳಿಗೆ ಹೆಸರಿಟ್ಟರು. ಕೆಲಸವೂ ಹೋಯಿತು, ಮಾತೂ ಹೋಯಿತು.

"ನಿನ್ನ ತಪ್ಪೇನೈತಿ ಅಕ್ಕಾ?" ಎಂದು ಪಕ್ಕದ ಗುಡಿಸಲಿನ ಪೀರಮ್ಮ ಸಮಾಧಾನ ಹೇಳಿದಾಗ ಒಮ್ಮೆ ಮಾತ್ರ ಬಾಯಿ ಬಿಟ್ಟಳು. "ಹೇಳಿ ಬೈಸಿಕೊಂಡಿದ್ದರ ನಾನೇನು ಸಾಯ್ತಿದ್ದಿಲ್ಲ, ಪೀರಮ್ಮ."

ಓದುವವರೇ, ನೀವು ಬಾಯಿ ಮುಚ್ಚಿಸಿದ ಒಬ್ಬರು ನಿಮ್ಮ ಓಣಿಯಲ್ಲೂ ಇದ್ದಾರೆ. ಅವರ ಮೇಲೆ ಕರುಣೆ ಬೇಡ. ಇವತ್ತೇ ಅವರ ಬಾಗಿಲಿಗೆ ಹೋಗಿ, ನಾಲ್ಕು ಜನರ ಮುಂದೆ, ತಪ್ಪು ನಮ್ಮದು ಎಂದು ಹೇಳಿ ಬನ್ನಿ.