ಕಲ್ಲಿಲ್ಲದ ತೊಗರಿಬೇಳೆ

ಮಿತ್ರರೇ, ಅರಸೀಕೆರೆಯ ಅಗ್ಗದ ಸೂಪರ್ ಮಾರ್ಕೆಟ್ಟೊಂದರಲ್ಲಿ ಇಂದು ಬೆಳಿಗ್ಗೆ ನಾನು ನಗೆಪಾಟಲಿಗೆ ಈಡಾದೆ. ಬಿಲ್ಲು ಹಾಕುವ ಹುಡುಗಿ ತೊಗರಿಬೇಳೆಯ ಗುಣಮಟ್ಟ ಹೇಗಿದೆಯೆಂದು ಗಿರಾಕಿಗಳನ್ನು ಕೇಳುತ್ತಿದ್ದಳು.

"ಚೆನ್ನಾಗೈತೆ ಕಣವ್ವ, ಬೇಗ ಬೇಯ್ತೈತೆ," ಎಂದರು ನನ್ನ ಮುಂದಿದ್ದ, ಹಗರೆ ಊರಿನ ಪರಿಚಯದ ಹೆಂಗಸು.

ನಾನು, "ಬೇಳೆಯಲ್ಲಿ ಒಂದು ಕಲ್ಲೂ ಇಲ್ಲಮ್ಮ. ಅದೇ ನನ್ನ ದೂರು," ಎಂದೆ.

"ಕಲ್ಲಿಲ್ಲ ಅಂತ ದೂರಾ ಸಾರ್?" ಹುಡುಗಿ ಕಣ್ಣರಳಿಸಿದಳು.

"ಅಯ್ಯೋ ಮೇಷ್ಟ್ರೇ, ಇರೋ ನಾಕು ಹಲ್ಲೂ ಉದುರಿಸ್ಕೋಬೇಕಾ?" ಎಂದರು ಆ ಹೆಂಗಸು. ಸಾಲಿನಲ್ಲಿದ್ದವರೆಲ್ಲ ನಕ್ಕರು.

ಅಲ್ಲಿ ವಿವರಿಸಲಾಗದ್ದನ್ನು ನಿಮಗೆ ಹೇಳುತ್ತೇನೆ. ಸಂತೆಯಿಂದ ಬೇಳೆ ತರುತ್ತಿದ್ದ ಕಾಲದಲ್ಲಿ ನಾನೂ ನನ್ನ ಪತ್ನಿಯೂ ಎದುರುಬದುರು ಕುಳಿತು ಕಲ್ಲು ಆರಿಸುತ್ತಿದ್ದೆವು. ಕಣ್ಣು ಬೇಳೆಯ ಮೇಲಿರುತ್ತಿದ್ದುದರಿಂದ, ಮುಖ ನೋಡಿ ಹೇಳಲಾಗದ ಮಾತುಗಳನ್ನೂ ಆಕೆ ಆಗ ಹೇಳುತ್ತಿದ್ದಳು. ಈಗಿನ ಬೇಳೆ ಪ್ಯಾಕೆಟ್ಟಿನಿಂದ ನೇರವಾಗಿ ಕುಕ್ಕರಿಗೆ ಹೋಗುತ್ತದೆ. ಅದು ಕೂಗುವಷ್ಟರಲ್ಲಿ ಆಕೆ ಟಿವಿಯ ಮುಂದೆ, ನಾನು ಪತ್ರಿಕೆಯ ಹಿಂದೆ. ಆ ಮಾತುಗಳನ್ನು ಕೇಳಿ ಎಷ್ಟು ಕಾಲವಾಯಿತೋ! ಇಂದಿಗೂ ಅವುಗಳಿಗಾಗಿ ಕಿವಿ ಹಾತೊರೆಯುತ್ತದೆ.

ಮನೆಗೆ ಬಂದು ಇದನ್ನೆಲ್ಲ ಆಕೆಗೇ ಹೇಳಿಬಿಟ್ಟೆ. ಆಕೆ ಅಗಲವಾದ ತಟ್ಟೆಗೆ ಬೇಳೆ ಸುರಿದು, ನೆಲದ ಮೇಲೆ ಕುಳಿತು ಕರೆದಳು: "ಬನ್ರೀ, ಹುಡುಕೋಣ. ಸಿಕ್ಕಿದ್ರೂ ಸಿಗಬಹುದು."

ಒಂದು ಕಲ್ಲೂ ಸಿಗಲಿಲ್ಲ. ಮಧ್ಯಾಹ್ನದ ಊಟ ಮಾತ್ರ ಬಹಳ ತಡವಾಯಿತು.