ಮರಿಸ್ವಾಮಿಯ ಫೋನು, ಕೆಂಚನ ಹೊಟ್ಟೆ

ನನ್ನ ಮೈದುನ ಮರಿಸ್ವಾಮಿಗೆ ಗೊತ್ತಿಲ್ಲದ್ದು ಈ ಭೂಮಿಯ ಮೇಲೆ ಇಲ್ಲ. ಹುಟ್ಟುವಾಗಲೇ ಸೂಲಗಿತ್ತಿಗೆ ಬುದ್ಧಿ ಹೇಳಿರಬೇಕು. ನಾನು ಮದುವೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹುಡುಗ. ಮೊದಲ ದಿನವೇ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಮುದ್ದೆ ತಿರುವುವುದು ಹೇಗೆ ಅಂತ ನನಗೆ ಪಾಠ ಹೇಳಿದ. ಆಮೇಲೆ ರೇಡಿಯೋ ಕೇಳಿ ಊರಿಗೆಲ್ಲ ಗೊಬ್ಬರ ಹೇಳಿದ, ಟಿವಿ ನೋಡಿ ವಾಸ್ತು ಹೇಳಿದ. ಅವನ ವಾಸ್ತು ನಂಬಿ ನಮ್ಮ ಯಜಮಾನರು ಬಚ್ಚಲು ತಿರುಗಿಸಿ ಕಟ್ಟಿಸಿದರು. ಇವತ್ತಿಗೂ ಅದರ ನೀರು ಅಡುಗೆಮನೆಗೇ ಬರುತ್ತದೆ. ಈಗ ಅವನ ಮಗಳು ಕವನ ಅವನಿಗೆ ದೊಡ್ಡ ಫೋನು ಕೊಡಿಸಿದ್ದಾಳೆ. ಅಲ್ಲಿಗೆ ಮುಗಿಯಿತು.

ಅವನ ಹೆಂಡತಿ ತೀರಿಕೊಂಡ ಮೇಲೆ ಅವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಜೀವ ಒಂದೇ: ಅವನ ನಾಯಿ ಕೆಂಚ. ತನ್ನ ತಟ್ಟೆಯಿಂದಲೇ ಮುದ್ದೆ ಮುರಿದು ಹಾಕುತ್ತಾನೆ. ನಡುಮನೆಯ ಮಂಚದ ಮೇಲೆ ಅವನು, ಕೆಳಗೆ ಅದು.

ಹೋದ ವರ್ಷ ಮಾರ್ಲಮಿಯಲ್ಲಿ, ಸತ್ತ ಹಿರಿಯರಿಗೆ ಎಡೆ ಇಡುವ ದಿನ, ಯಜಮಾನರಿಗೆ ಇಷ್ಟವಾದದ್ದನ್ನೆಲ್ಲ ನಡುಮನೆಯಲ್ಲಿ ಎಲೆಗೆ ಬಡಿಸಿದೆ. ಮುದ್ದೆ, ಮಟನ್ ಸಾರು, ಹುರಿದ ಮಾಂಸ, ಪಕ್ಕದಲ್ಲಿ ಬೀಡಿ ಕಟ್ಟು, ಒಂದು ಕ್ವಾರ್ಟರು. ಸತ್ತವರು ನಾಚಿಕೊಳ್ಳದೆ ಉಂಡು ಹೋಗಲಿ ಅಂತ ಬಾಗಿಲು ಹಾಕಿ ಎಲ್ಲರೂ ಜಗಲಿಯಲ್ಲಿ ಕೂರುವುದು ಪದ್ಧತಿ. ಸ್ವಲ್ಪ ಹೊತ್ತಿಗೆ ಮರಿಸ್ವಾಮಿ ಬಾಗಿಲು ತಟ್ಟಿ ಮೊದಲು ಒಬ್ಬನೇ ಒಳಗೆ ಹೋದ. ತುಸು ತಡೆದು ಕೂಗಿದ: "ಅತ್ಗೇ, ಬಾ! ಅಣ್ಣ ಬಂದು ಉಂಡವ್ನೆ!"

ಎಲೆ ಖಾಲಿ. ಊರೇ ಬಂದು ಕೈಮುಗಿಯಿತು. ಆಟೋ ನಾಗೇಂದ್ರನಂತೂ ಎಲೆಗೆ ಅಡ್ಡಬಿದ್ದ. ನಾನೂ ಸೆರಗಲ್ಲಿ ಕಣ್ಣೊರೆಸಿಕೊಂಡೆ. ಆದರೂ ಮೂಳೆ ಒಂದೂ ಉಳಿದಿರಲಿಲ್ಲವಲ್ಲ! ಯಜಮಾನರು ಸಾಯುವಾಗ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಮೇಲೆ ಹೋದ ಮೇಲೆ ಹೊಸವು ಬರುತ್ತವೇನೋ ಅಂದುಕೊಂಡೆ. ಕ್ವಾರ್ಟರನ್ನು ಮಾತ್ರ ಮುಟ್ಟದೆ ಹೋಗಿದ್ದರು. ಅದನ್ನು ನಂಬುವುದೇ ಕಷ್ಟವಾಯಿತು.

ಮಾರನೆಯ ದಿನ ಕೆಂಚ ಮಂಕಾಯಿತು. ತಿಪ್ಪೆ ಹತ್ತಿರ ಹೋಗಿ ಕೂರುವುದು, ತಿಣುಕುವುದು, ಒಂದೆರಡು ತೊಟ್ಟು ನೀರು ಬೀಳುವುದು. ಮರಿಸ್ವಾಮಿ ಅದನ್ನೆಲ್ಲ ಫೋನಿಗೆ ವರದಿ ಮಾಡಿದ.

"ಭೇದಿಯಂತೆ ಅತ್ಗೆ. ಬಾಳೆಕಾಯಿ ಬೇಯ್ಸಿ ಮೊಸರನ್ನದಲ್ಲಿ ಕಲ್ಸಿ ಕೊಟ್ರೆ ಕಟ್ಟತದಂತೆ."

"ನಾಯಿ ಏನ್ ತಿಂದದೆ ಅಂತ ಕೇಳ್ತಾ ಆ ಫೋನು?"

"ಅದ್ಯಾಕ್ ಕೇಳ್ತದೆ? ಅದ್ಕೆ ಎಲ್ಲಾ ಗೊತ್ತು."

"ನಿನ್ನಂಗೇ ಅನ್ನು."

ಬಾಳೆಕಾಯಿ ಆಯಿತು. ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆಯೂ ಆಯಿತು. ಬೆಳಗಾಗುವಷ್ಟರಲ್ಲಿ ಕೆಂಚನ ಹೊಟ್ಟೆ ತಮಟೆಯಾಯಿತು, ವಾಂತಿ ಶುರುವಾಯಿತು. ಕರೆದರೆ ಬಾಲವನ್ನೂ ಆಡಿಸಲಿಲ್ಲ. ಮರಿಸ್ವಾಮಿ ಮತ್ತೆ ಫೋನು ತೀಡಿದ. ಅದರೊಳಗಿನ ಒಬ್ಬ ಜಂತು ಅಂದ, ಒಬ್ಬ ಕಿಡ್ನಿ ಅಂದ. ಕಡೆಗೆ ಹತ್ತಿರದ ಪಶುವೈದ್ಯರಿಗೆ ತೋರಿಸಿ ಅಂತ ಬಂತು.

"ಅತ್ಗೆ, ಡಾಕ್ಟ್ರಿಗೆ ತೋರುಸ್ಬೇಕಂತೆ!"

"ನೆನ್ನೆಯಿಂದ ನಾನು ಅದನ್ನೇ ಬಡ್ಕತಾ ಇಲ್ವಾ?"

"ನೀನು ಫೋನಲ್ವಲ್ಲ."

ನಾಗೇಂದ್ರನ ಆಟೋದಲ್ಲಿ ನರಸೀಪುರದ ದನದ ಆಸ್ಪತ್ರೆಗೆ ಹೊರಟೆವು. ಹಿರಿಯರು ಬಂದು ಉಂಡ ಮನೆ ಅಂತ ಅವನು ಬಾಡಿಗೆಯೂ ಬೇಡ ಅಂದ. ಡಾಕ್ಟರಮ್ಮ ಹೊಟ್ಟೆ ಒತ್ತಿದರು, ಗ್ಲೌಸ್ ಹಾಕಿ ಹಿಂದೆಯೂ ನೋಡಿದರು.

"ಭೇದಿ ಅಲ್ಲ ಯಜಮಾನ್ರೇ, ಕಟ್ಕೊಂಡಿದೆ. ಸಂದಿಯಲ್ಲಿ ನೀರು ಜಿನುಗ್ತಿದೆ ಅಷ್ಟೆ. ಕಟ್ಟಿರೋದನ್ನ ನೀವು ಇನ್ನೂ ಕಟ್ಟಿದ್ದೀರ. ಮೂಳೆ ತಿಂದಿದ್ಯಾ?"

"ಇಲ್ಲ ಮೇಡಂ. ಮುದ್ದೆ, ಆಲು-ಮೊಸ್ರು ಅಷ್ಟೇಯ."

"ನಿಜ ಹೇಳಿ. ಮೂಳೆಯಾದ್ರೆ ಇಲ್ಲೇ ಎನಿಮಾ ಕೊಟ್ಟು ತೆಗೀತೀನಿ. ಬೇರೆ ಏನಾದ್ರೂ ಆದ್ರೆ ಮೈಸೂರಿಗೆ ಹೋಗ್ಬೇಕು. ಅಲ್ಲೀತನಕ ಇದು ತಡೆಯೋದು ಅನುಮಾನ."

ಮರಿಸ್ವಾಮಿ ನನ್ನ ಮುಖ ನೋಡಿದ. ನಾಯಿಯ ಕಾಲು ಹಿಡಿದಿದ್ದ ನಾಗೇಂದ್ರನ ಮುಖ ನೋಡಿದ. ಕೆಂಚ ಕಣ್ಣು ಮುಚ್ಚಿಕೊಂಡೇ ಅವನ ಬೆರಳು ನೆಕ್ಕಿತು.

"ತಿಂದದೆ ಮೇಡಂ," ಅಂದ. "ನಮ್ಮಣ್ಣನ್ ಎಡೆ ಪೂರಾ ಇದೇ ತಿಂದದೆ. ಮಂಚದ್ ಕೆಳಗ್ ಮಲಗಿತ್ತು, ನೋಡ್ದೆ ಬಾಗ್ಲು ಆಕ್ಬುಟ್ಟಿದ್ದೊ. ನಾನೇ ಇತ್ಲು ಬಾಗ್ಲಲ್ಲಿ ಓಡುಸ್ದೆ."

ನಾಗೇಂದ್ರ ಕೈಬಿಟ್ಟ. "ಅಂಗಾರೆ ನಾನು ಅಡ್ಡಬಿದ್ದಿದ್ದು ನಾಯಿ ಎಂಜಲ್ಗಾ?"

"ಮೊದ್ಲು ಕಾಲ್ ಇಡ್ಕೊಳಲಾ!" ಅಂದೆ ನಾನು.

ಆಮೇಲೆ ಆದದ್ದನ್ನು ಊಟದ ಹೊತ್ತಲ್ಲಿ ಓದುವವರೂ ಇರುತ್ತಾರೆ ಅಂತ ಬರೆಯುವುದಿಲ್ಲ. ಬಂದದ್ದೆಲ್ಲ ಮೂಳೆ ಚೂರು. ಡ್ರಿಪ್ ಮುಗಿಯುವ ಹೊತ್ತಿಗೆ ಕೆಂಚ ತಲೆಯೆತ್ತಿ ಬಾಲ ಅಲ್ಲಾಡಿಸಿತು. ಮನುಷ್ಯರ ಮಾತ್ರೆ ಕೊಟ್ಟದ್ದಕ್ಕೆ ಡಾಕ್ಟರಮ್ಮ ಬೈದ ಬೈಗುಳವನ್ನು ಮರಿಸ್ವಾಮಿ ಬಾಯಿ ಮುಚ್ಚಿಕೊಂಡು ಕೇಳಿದ. ಅವನ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬರುವಾಗ ನಾಗೇಂದ್ರ ಎರಡೂ ಕಡೆಯ ಬಾಡಿಗೆ ವಸೂಲಿ ಮಾಡಿದ.

ಈ ವರ್ಷದ ಮಾರ್ಲಮಿಗೆ ಕೆಂಚನನ್ನು ಹೊರಗೆ ಕಟ್ಟಿದ್ದೆವು. ಬಾಗಿಲು ತೆಗೆದರೆ ಎಡೆ ಇಟ್ಟದ್ದು ಇಟ್ಟ ಹಾಗೇ ಇತ್ತು. ಮರಿಸ್ವಾಮಿಯ ಮುಖ ಸಣ್ಣಗಾಯಿತು.

"ಅಣ್ಣ ಬರ್ನೇ ಇಲ್ವಲ್ಲ ಅತ್ಗೆ."

"ಬುಡಪ್ಪ. ಇದ್ದಾಗ್ಲೇ ಯಾವತ್ತು ಕರ್ದ ತಕ್ಷಣ ಊಟಕ್ಕೆ ಬಂದಿದ್ರು?"

ಅವನು ಎಲೆಯ ಮುಂದೆ ಕೂತು ಮೂಳೆಗಳನ್ನೆಲ್ಲ ಆರಿಸಿ ಪಕ್ಕಕ್ಕಿಟ್ಟ. ಮೆತ್ತನೆ ಮಾಂಸವನ್ನು ಖಾರ ಹೋಗುವ ಹಾಗೆ ತೊಳೆದು ಕೆಂಚನಿಗೆ ಹಾಕಿದ. ಕ್ವಾರ್ಟರನ್ನು ತಾನಿಟ್ಟುಕೊಂಡ.